ಗುಡುಗಿದಾಗ ಕೀಳಬೇಕಾದ್ದು ಹಸಿರು ಪಿನ್ ಅಲ್ಲ

ಸಕಲೇಶಪುರ ತಾಲ್ಲೂಕಿನ ಓದುಗರೊಬ್ಬರ ಪ್ರಶ್ನೆ: "ನಮ್ಮದು ಕಾಫಿ ತೋಟ. ಟಾರ್ ರಸ್ತೆಯಿಂದ ಮನೆಗೆ ಎರಡೂವರೆ ಕಿಲೋಮೀಟರ್. ಮಗಳು ಬೆಂಗಳೂರಿನ ಕಂಪನಿ ಕೆಲಸವನ್ನು ಇಲ್ಲಿಂದಲೇ ಮಾಡುತ್ತಾಳೆ ಅಂತ ಎರಡು ವರ್ಷದ ಹಿಂದೆ ಫೈಬರ್ ಹಾಕಿಸಿದೆವು. ಕೇಬಲ್ಲನ್ನು ತೋಟದ ನೆರಳಿನ ಸಿಲ್ವರ್ ಮರಗಳಿಗೆ ಬೈಂಡಿಂಗ್ ವೈರಿನಲ್ಲಿ ಕಟ್ಟಿಕೊಂಡು ಬಂದಿದ್ದಾರೆ. ಮೊದಲ ವರ್ಷ ತೊಂದರೆ ಇರಲಿಲ್ಲ. ಈಗ ಜೂನ್ ಮಳೆ ಹಿಡಿದರೆ ನೆಟ್ ಹೋಗುತ್ತದೆ, ಮೋಡೆಮಿನಲ್ಲಿ ಕೆಂಪು ದೀಪ ಮಿನುಗುತ್ತದೆ. ಸಿಡಿಲಿಗೆ ಎರಡು ಮೋಡೆಮ್ ಸುಟ್ಟವು. ಅಂದಿನಿಂದ ಗುಡುಗು ಕೇಳಿದರೆ ನಮ್ಮ ಯಜಮಾನರು ಮೋಡೆಮಿಗೆ ಫೈಬರ್ ಸೇರಿಸುವ ಹಸಿರು ಪಿನ್ ಕಿತ್ತಿಡುತ್ತಾರೆ. ಲೈನಿನ ಹುಡುಗ ಬಂದು ಮೀಟರ್ ಹಿಡಿದು 'ಮೈನಸ್ 28, ಪವರ್ ಬರ್ತಿಲ್ಲ, ನಿಮ್ದು ದೂರ ಜಾಸ್ತಿ' ಅಂತಾನೆ. ಹಾಕಿದಾಗ ಮೈನಸ್ 20 ಇತ್ತು. ಅತ್ತೆಯವರಿಗೆ ರೇಡಿಯೇಷನ್ ಭಯ. ಕೇಬಲ್ ಕಟ್ಟಿದ ಮರದ ಮೆಣಸಿನ ಬಳ್ಳಿ ಒಣಗಿದ್ದೂ ಅದರಿಂದಲೇ ಅನ್ನುತ್ತಾರೆ. ಮೊನ್ನೆ ಮೊಮ್ಮಗ ಕಿತ್ತಿಟ್ಟ ಪಿನ್ ಕಣ್ಣಿಗೆ ಹಿಡಿದು ನೋಡುತ್ತಿದ್ದ, ನನಗೆ ಜೀವ ಹೋದಂತಾಯಿತು. ಕೇಬಲ್ ನೆಲದಲ್ಲಿ ಹೂಳಿಸೋಣವಾ, ಇಲ್ಲ ಡಿಶ್ ಹಾಕಿಸೋಣವಾ? ಇನ್ನೊಂದು, ರೈಲ್ವೆಯವರು ಇದೇ ತಂತಿಯಲ್ಲಿ ಆನೆ ಬಂದದ್ದು ಕಂಡುಹಿಡಿಯುತ್ತಾರಂತೆ, ನಿಜವಾ?"

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸಿಡಿಲು ಈ ಗಾಜಿನ ಎಳೆಯಲ್ಲಿ ಮನೆಯೊಳಗೆ ಬರುತ್ತದಾ, ಇಷ್ಟು ಖರ್ಚು ಮಾಡಿ ಎಳೆಸಿದ ಲೈನನ್ನು ಬಿಟ್ಟೇ ಬಿಡಬೇಕಾ ಎನ್ನುವುದು ನಿಮ್ಮ ಚಿಂತೆ. ಎರಡಕ್ಕೂ ಇಲ್ಲ ಅನ್ನುವುದೇ ನನ್ನ ಉತ್ತರ. ಆದರೆ ಓದುವಾಗ ನನ್ನ ಕಣ್ಣು ಸಿಕ್ಕಿಕೊಂಡದ್ದು ಬೇರೆ ಕಡೆ. ಯಜಮಾನರು ಹಸಿರು ಪಿನ್ ಕೀಳುತ್ತಾರೆ ಅಂತ ನೀವು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಲ್ಲ, ಅಲ್ಲಿ.

ಮೊದಲು ಸಿಡಿಲಿನ ಮಾತು. ಫೈಬರ್ ಅಂದರೆ ಗಾಜು. ಗಾಜಿನಲ್ಲಿ ಕರೆಂಟ್ ಹರಿಯುವುದಿಲ್ಲ. ಕಂಬದ ಮೇಲೆ ಪಿಂಗಾಣಿ ಇನ್ಸುಲೇಟರ್ ಕೂರಿಸುವುದು ಯಾವ ಕಾರಣಕ್ಕೋ, ಅದೇ ಗುಣ ಇದಕ್ಕೂ ಇದೆ. ಹಾಗಾದರೆ ಎರಡು ಮೋಡೆಮ್ ಹೇಗೆ ಸುಟ್ಟವು? ನಾನು ಹಾಸನ, ಚಿಕ್ಕಮಗಳೂರು ಕಡೆ ಇಪ್ಪತ್ತೈದು ವರ್ಷಕ್ಕೂ ಮೇಲೆ ಲೈನ್ ಕೆಲಸ ನೋಡಿಕೊಂಡವನು. ಸುಟ್ಟ ಮೋಡೆಮ್ ಬಿಚ್ಚಿ ನೋಡಿದಾಗ ಹೆಚ್ಚಿನ ಸಲ ಕಪ್ಪಾಗಿರುವುದು ಅಡಾಪ್ಟರ್ ವೈರ್ ಬಂದು ಸೇರುವ ಜಾಗ. ಅಂದರೆ ಹೊಡೆತ ಬಂದದ್ದು ಮನೆಯ ಕರೆಂಟ್ ಲೈನಿನಿಂದ. ಎಲ್ಲೋ ಎರಡು ಕಂಬ ಆಚೆ ಸಿಡಿಲು ಬಿದ್ದರೂ ಸಾಕು, ತಾಮ್ರ, ಅಲ್ಯೂಮಿನಿಯಂ ತಂತಿಗಳಲ್ಲಿ ಅದರ ಅಲೆ ಓಡಿ ಬರುತ್ತದೆ. ಮನೆಯ ಹೊರಗಿನ ಕ್ಯಾಮೆರಾಕ್ಕೆ ಎಳೆದ ನೆಟ್‌ವರ್ಕ್ ವೈರ್ ಇದ್ದರೆ ಅದು ಇನ್ನೊಂದು ದಾರಿ.

ಇಲ್ಲಿ ನಿಮ್ಮ ಭಯದಲ್ಲಿ ಒಂದು ಚೂರು ನಿಜವೂ ಇದೆ. ಗಾಜಿನಲ್ಲಿ ಕರೆಂಟ್ ಹರಿಯದಿದ್ದರೂ, ಗಾಜನ್ನು ಹೊತ್ತ ಕೇಬಲ್ಲಿನಲ್ಲಿ ಹೆಚ್ಚಾಗಿ ಒಂದು ಉಕ್ಕಿನ ತಂತಿ ಇರುತ್ತದೆ. ಮರದಿಂದ ಮರಕ್ಕೆ ಬಿಗಿಯಾಗಿ ಎಳೆಯಲು ಬೇಕಾದ ಬಲ ಅದರದ್ದು. ಆ ಉಕ್ಕಿನ ಎಳೆಯನ್ನು ಮೋಡೆಮ್ ಪಕ್ಕದವರೆಗೂ ತಂದು ಬಿಟ್ಟಿದ್ದರೆ ತಪ್ಪು. ಅದನ್ನು ಮನೆಯ ಹೊರಗೆ, ಕೊನೆಯ ಕಂಬದಲ್ಲೋ ಮರದಲ್ಲೋ ಕತ್ತರಿಸಿ ನಿಲ್ಲಿಸಬೇಕು. ಒಳಗೆ ಬರಬೇಕಾದ್ದು ಫೈಬರ್ ಇರುವ ಎಳೆ ಮಾತ್ರ. ಒಮ್ಮೆ ಟಾರ್ಚ್ ಹಿಡಿದು ಸೂರಿನಡಿ ನೋಡಿ. ಕೇಬಲ್ಲಿನ ಕತ್ತರಿಸಿದ ತುದಿ 8ರ ಆಕಾರದಲ್ಲಿದ್ದು, ಒಂದು ಬದಿ ಮುಟ್ಟಿದರೆ ಗಟ್ಟಿ ತಂತಿ ಸಿಕ್ಕಿದರೆ ಅದೇ ಉಕ್ಕು.

ಹಾಗಾಗಿ ಗುಡುಗಿದಾಗ ಕೀಳಬೇಕಾದ್ದು ಗೋಡೆಯಲ್ಲಿರುವ ಅಡಾಪ್ಟರ್. ಕ್ಯಾಮೆರಾ ವೈರ್ ಇದ್ದರೆ ಅದನ್ನೂ. ಹಸಿರು ಪಿನ್ನನ್ನು ಮುಟ್ಟಬೇಡಿ. ಸರ್ಜ್ ಪ್ರೊಟೆಕ್ಟರ್ ಹಾಕಿಸಬಹುದು, ಒಳ್ಳೆಯದೇ. ಆದರೆ ಅರ್ಥಿಂಗ್ ಸರಿ ಇಲ್ಲದ ಮನೆಯಲ್ಲಿ ಅದು ಸುಮ್ನೆ ಒಂದು ದೀಪ ಉರಿಯುವ ಪ್ಲಗ್ ಪಟ್ಟಿ, ಅಷ್ಟೆ. ಬಂದ ಹೊಡೆತವನ್ನು ಅದು ಭೂಮಿಗೆ ದಾಟಿಸಬೇಕು. ದಾಟಿಸಲು ದಾರಿಯೇ ಇಲ್ಲದಿದ್ದರೆ ಏನು ಮಾಡೀತು?

ಈಗ ಆ ಪಿನ್ನು. ಅದರ ತುದಿಯಲ್ಲಿ ಬಿಳಿ ಪಿಂಗಾಣಿ ಕಡ್ಡಿ ಕಾಣುತ್ತದಲ್ಲ, ಅದರ ನಟ್ಟನಡುವೆ ಗಾಜಿನ ಎಳೆ ಇದೆ. ಎಳೆಯ ದಪ್ಪ 125 ಮೈಕ್ರಾನ್. ಅಂದರೆ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗ. ಬೆಳಕು ಓಡುವುದು ಅದರಲ್ಲೂ ಪೂರ್ತಿ ಜಾಗದಲ್ಲಲ್ಲ, ಮಧ್ಯದ ಸುಮಾರು 9 ಮೈಕ್ರಾನಿನಲ್ಲಿ. ತಲೆಗೂದಲಿನ ಏಳೆಂಟರಲ್ಲೊಂದು ಪಾಲು. ನಿಮ್ಮ ಮಗಳ ಮೀಟಿಂಗು, ಕಾಫಿ ಬೋರ್ಡಿನ ದರಪಟ್ಟಿ, ಎಲ್ಲವೂ ಆ ಕಿಂಡಿಯಲ್ಲಿ ಬರಬೇಕು. ಅದರ ಮುಂದೆ ಕಾಫಿ ಒಣಗಿಸುವ ಕಣದ ಧೂಳಿನ ಒಂದು ಚೂರು ಕೂತರೆ ಸಾಕು, ಗುಮ್ಮಟದ ಬಾಗಿಲಿಗೆ ಬಂಡೆ ಉರುಳಿಸಿಟ್ಟ ಹಾಗೆ.

ಒಂದು ಮನೆಯಲ್ಲಿ ನಡೆದದ್ದು ಹೇಳುತ್ತೇನೆ. ಅಲ್ಲೂ ಇದೇ ದೂರು. ನನ್ನ ಬಳಿ ಪಿನ್ ತುದಿ ನೋಡುವ ಪುಟ್ಟ ಸೂಕ್ಷ್ಮದರ್ಶಕ ಇರುತ್ತದೆ, ಇನ್ನೂರು ಪಟ್ಟು ದೊಡ್ಡದು ಮಾಡಿ ಪರದೆಯ ಮೇಲೆ ತೋರಿಸುತ್ತದೆ. ಮನೆಯವರನ್ನು ಕರೆದು ತೋರಿಸಿದೆ. ದುಂಡನೆಯ ಬೂದು ತಟ್ಟೆ, ಮಧ್ಯೆ ಚಿಕ್ಕ ಬೆಳ್ಳನೆ ಚುಕ್ಕಿ. ಚುಕ್ಕಿಯ ಮೇಲೆಯೇ ಅಡ್ಡಡ್ಡವಾಗಿ ಬೆರಳಿನ ಎಣ್ಣೆಯ ಗೆರೆ, ಅದಕ್ಕೆ ಅಂಟಿಕೊಂಡು ಕಾಫಿ ಹೊಟ್ಟಿನಂಥ ಚೂರುಗಳು. ಆ ಮನೆಯಲ್ಲಿ ಪಿನ್ ಕಿತ್ತು, ಪಂಚೆಯ ತುದಿಯಲ್ಲಿ ಒರೆಸಿ, ಬಾಯಲ್ಲಿ 'ಫೂ' ಅಂತ ಊದಿ ಮತ್ತೆ ಹಾಕುವ ಅಭ್ಯಾಸ. ಪಾಪ, ಒಳ್ಳೆಯ ಮನಸ್ಸಿನಿಂದಲೇ. ಬಟ್ಟೆ ಗೀರುತ್ತದೆ, ಉಸಿರು ತೇವ ಬಿಡುತ್ತದೆ. ಪಿನ್ ತುದಿ ಒರೆಸುವ ಕ್ಲೀನರ್ ಪೆನ್ ತೆಗೆದು ಎರಡು ಸಲ ಟಕ್ ಟಕ್ ಅನ್ನಿಸಿದೆ. ಮೈನಸ್ 27 ಇದ್ದದ್ದು 22ಕ್ಕೆ ಬಂತು. ಯಜಮಾನರು ಆಮೇಲೆ ಕಾಫಿ ಕೊಟ್ಟರು, ಆದರೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮಲೆನಾಡಿನಲ್ಲಿ ಗುಡುಗು ಜಾಸ್ತಿ ಯಾವಾಗ? ಏಪ್ರಿಲ್, ಮೇ ಸಂಜೆಗಳಲ್ಲಿ. ಜೂನ್ ಮಳೆಯಲ್ಲಿ ನೀರು ಸುರಿಯುತ್ತದೆ, ಸಿಡಿಲು ಅಷ್ಟಿಲ್ಲ. ಅಂದರೆ ನಿಮ್ಮ ಮನೆಯಲ್ಲಿ ಎರಡು ತಿಂಗಳು ದಿನಕ್ಕೊಂದು ಸಲ ಪಿನ್ ಕಿತ್ತು ಹಾಕಿ, ಜೂನ್ ಹೊತ್ತಿಗೆ ಅದರ ತುದಿ ಮಸಿ ಹಿಡಿದಿರುತ್ತದೆ. ಮಳೆ ಬಂದ ಮೇಲೆ ಎಲ್ಲ ಅಪವಾದ ಮಳೆಯ ಮೇಲೆ. ಹುಡುಗನಿಗೆ ಹೇಳಿ, ಮೊದಲು ಪಿನ್ನನ್ನೂ ಮೋಡೆಮಿನ ತೂತನ್ನೂ ಕ್ಲೀನರ್ ಪೆನ್ನಿನಲ್ಲಿ ಒರೆಸಲಿ. ತೂತಿನ ಒಳಗೂ ಇಂಥದೇ ಒಂದು ತುದಿ ಇದೆ, ಅದನ್ನು ಎಲ್ಲರೂ ಮರೆಯುತ್ತಾರೆ. ಇನ್ನೊಂದು ವಿಷಯ ಕಣ್ಣಿಟ್ಟು ನೋಡಿ. ಹಸಿರು ಪಿನ್ನಿನ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದ್ದಕ್ಕೆ ಆ ಓರೆ ಇಲ್ಲ. ಅವಸರದಲ್ಲಿ ಯಾರಾದರೂ ಹಸಿರಿಗೆ ನೀಲಿ ಜೋಡಿಸಿದ್ದರೆ ನಡುವೆ ಸಂದು ಉಳಿದು ಬೆಳಕು ಅಲ್ಲೇ ಸೋರುತ್ತದೆ. ಬಣ್ಣಕ್ಕೆ ಬಣ್ಣ ಕೂಡಿರಬೇಕು.

ಆ 'ಮೈನಸ್ 28' ಏನು ಅಂತಲೂ ಹೇಳಿಬಿಡುತ್ತೇನೆ, ಯಾಕೆಂದರೆ ನಿಮಗೆ ಸಿಕ್ಕಿರುವ ಒಳ್ಳೆಯ ಸುಳಿವು ಅದೇ. ಈ ಡೆಸಿಬಲ್ ಲೆಕ್ಕದಲ್ಲಿ ಸೊನ್ನೆ ಅಂದರೆ ಒಂದು ಮಿಲಿವಾಟ್ ಬೆಳಕು. ಪ್ರತಿ 10 ಕೆಳಗಿಳಿದರೆ ಬೆಳಕು ಹತ್ತರಲ್ಲೊಂದು ಪಾಲಾಗುತ್ತದೆ, 3 ಇಳಿದರೆ ಅರ್ಧ. ಸಾಮಾನ್ಯ ಮನೆ ಮೋಡೆಮಿಗೆ ಮೈನಸ್ 8ರಿಂದ ಮೈನಸ್ 27ರ ಒಳಗೆ ಬೆಳಕು ಸಿಗಬೇಕು. ನಿಮ್ಮದು ಗಡಿ ದಾಟಿ ನಿಂತಿದೆ. ಹಾಕಿದಾಗ 20 ಇದ್ದದ್ದು ಈಗ 28. ಅಂದರೆ ಆಗ ಬರುತ್ತಿದ್ದ ಬೆಳಕಿನ ಆರರಲ್ಲೊಂದು ಪಾಲು ಮಾತ್ರ ಈಗ ಮನೆ ಮುಟ್ಟುತ್ತಿದೆ.

'ದೂರ ಜಾಸ್ತಿ' ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ದೂರ ಎರಡು ವರ್ಷದ ಹಿಂದೆಯೂ ಇಷ್ಟೇ ಇತ್ತು ಅಲ್ವಾ? ಈಗಿನ ಫೈಬರಿನಲ್ಲಿ ಎರಡೂವರೆ ಕಿಲೋಮೀಟರಿಗೆ ಹೋಗುವುದು ಒಂದು ಡೆಸಿಬಲ್ಲಿಗೂ ಕಡಿಮೆ. ಇದನ್ನು ಸಾಧಿಸಲು ಎಷ್ಟು ಒದ್ದಾಡಿದ್ದಾರೆ ಗೊತ್ತಾ? 1966ರಲ್ಲಿ ಚಾರ್ಲ್ಸ್ ಕಾವ್ ಮತ್ತು ಜಾರ್ಜ್ ಹಾಕ್‌ಹ್ಯಾಮ್, ಗಾಜಿನಲ್ಲಿ ಬೆಳಕು ಸಾಯುವುದು ಗಾಜಿನ ತಪ್ಪಲ್ಲ, ಅದರೊಳಗಿನ ಕೊಳೆಯ ತಪ್ಪು ಅಂತ ತೋರಿಸಿದರು. ಕಿಲೋಮೀಟರಿಗೆ 20 ಡೆಸಿಬಲ್ ನಷ್ಟಕ್ಕೆ ಇಳಿಸಿದರೆ ದೂರವಾಣಿಗೆ ಬಳಸಬಹುದು ಅಂದರು. ಅಂದರೆ ಒಂದು ಕಿಲೋಮೀಟರ್ ದಾಟುವಾಗ ನೂರರಲ್ಲಿ ಒಂದೇ ಪಾಲು ಉಳಿದರೂ ಸಾಕು ಅಂತ! 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿ ಆ ಗುರಿ ಮುಟ್ಟಿತು. ಕಾವ್ ಅವರಿಗೆ 2009ರಲ್ಲಿ ನೊಬೆಲ್ ಬಂತು. ಈಗ ಒಳ್ಳೆಯ ಫೈಬರಿನಲ್ಲಿ ನೂರಕ್ಕೆ ತೊಂಬತ್ತೈದು ಪಾಲು ಉಳಿಯುತ್ತದೆ. ಇಂಥ ಗಾಜನ್ನು ತಂದು ಬೈಂಡಿಂಗ್ ವೈರಿನಲ್ಲಿ ಬಿಗಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಯಾಕೆಂದರೆ ಬಾಗಿದ ಜಾಗದಲ್ಲಿ ಬೆಳಕು ಸೋರುತ್ತದೆ. ಫೈಬರಿನ ಒಳಗಿನ ಗಾಜು, ಅದರ ಸುತ್ತಿನ ಗಾಜಿಗಿಂತ ಬೆಳಕನ್ನು ಸ್ವಲ್ಪ ಜಾಸ್ತಿ ನಿಧಾನ ಮಾಡುತ್ತದೆ. ಅದರಿಂದ ಓರೆಯಾಗಿ ಬಂದ ಬೆಳಕು ಅಂಚಿನಿಂದ ಪೂರ್ತಿ ಒಳಕ್ಕೇ ಮರಳುತ್ತದೆ. ಎಳೆ ಜಾಸ್ತಿ ಬಾಗಿದರೆ ಈ ಕಟ್ಟು ಸಡಿಲಾಗಿ ಬೆಳಕು ಹೊರಗೆ ಹೋಗುತ್ತದೆ. ಈಗ ನಿಮ್ಮ ಸಿಲ್ವರ್ ಮರಗಳನ್ನು ನೆನೆಸಿಕೊಳ್ಳಿ. ಎರಡು ವರ್ಷದಲ್ಲಿ ಮರ ದಪ್ಪವಾಗಿದೆ, ಬೈಂಡಿಂಗ್ ವೈರ್ ದಪ್ಪವಾಗಿಲ್ಲ. ವೈರ್ ತೊಗಟೆಯೊಳಗೆ ಹುದುಗಿ, ಕೇಬಲ್ಲನ್ನು ಕಾಂಡಕ್ಕೆ ಒತ್ತಿ ಹಿಡಿದಿರುತ್ತದೆ. ಬೇಸಗೆಯಲ್ಲಿ ಹೇಗೋ ನಡೆಯುತ್ತದೆ. ಮಳೆ ಹಿಡಿದರೆ ಕೇಬಲ್ ಮೇಲೆ ನೆನೆದ ಎಲೆ, ಮುರಿದ ಕೊಂಬೆ, ಬಳ್ಳಿ ಎಲ್ಲ ಜೋತುಬಿದ್ದು ಆ ಬಾಗು ಇನ್ನಷ್ಟು ಚೂಪಾಗುತ್ತದೆ. ಮರಗಸಿ ಮಾಡುವಾಗ, ಅಂದರೆ ನೆರಳಿನ ಮರದ ಕೊಂಬೆ ಸವರುವಾಗ, ಕೊಂಬೆ ಕೇಬಲ್ ಮೇಲೆ ಬಿದ್ದು, ಆಳುಗಳು ಎಳೆದು ಗಂಟು ಹಾಕಿ ಕಟ್ಟಿರುವುದೂ ಉಂಟು. ಕೆಳಮುಖವಾಗಿರಬೇಕಾದ ಜಾಯಿಂಟ್ ಬಾಕ್ಸ್ ಮೇಲ್ಮುಖವಾಗಿದ್ದರೆ ಒಳಗೆ ನೀರು. ನೀರು ಬೆಳಕನ್ನು ತಕ್ಷಣ ತಡೆಯುವುದಿಲ್ಲ. ಆದರೆ ಗಾಜಿನ ಕಣ್ಣಿಗೆ ಕಾಣದ ಬಿರುಕುಗಳು ತೇವದಲ್ಲಿ ನಿಧಾನವಾಗಿ ಬೆಳೆಯುತ್ತವೆ, ಒಂದು ದಿನ ಎಳೆ ಪಟ್ ಅಂತ ಹೋಗುತ್ತದೆ.

ಎರಡೂವರೆ ಕಿಲೋಮೀಟರಿನಲ್ಲಿ ಸೋರುವ ಜಾಗ ಹುಡುಕುವುದು ಹೇಗೆ? ಅದಕ್ಕೆ ಓಟಿಡಿಆರ್ ಅನ್ನುವ ಯಂತ್ರವಿದೆ. ಅದು ಫೈಬರಿಗೆ ಬೆಳಕಿನ ಚಿಕ್ಕ ಹೊಡೆತ ಕೊಟ್ಟು, ದಾರಿಯುದ್ದಕ್ಕೂ ಗಾಜಿನಿಂದ ಹಿಂದಕ್ಕೆ ಚದುರಿ ಬರುವ ಮಿಣುಕನ್ನು ಅಳೆಯುತ್ತದೆ. ಗಾಜಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುವುದರಿಂದ, ಎಷ್ಟು ಹೊತ್ತಿಗೆ ವಾಪಸ್ ಬಂತು ಅನ್ನುವುದರಿಂದ ದೂರ ತಿಳಿಯುತ್ತದೆ. ಹುಡುಗ ಇದನ್ನು ತಂದರೆ 1310 ಮತ್ತು 1550 ನ್ಯಾನೋಮೀಟರ್ ಎರಡರಲ್ಲೂ ಅಳೆಯಲು ಹೇಳಿ. 1550ರಲ್ಲಿ ಮಾತ್ರ ನಷ್ಟ ಜಾಸ್ತಿ ಕಂಡರೆ ಅದು ಬಾಗು. ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಬಂದರೆ ಜಾಯಿಂಟ್ ಅಥವಾ ಪಿನ್. ಈ ಒಂದು ಹೋಲಿಕೆ ಅರ್ಧ ದಿನದ ನಡಿಗೆ ಉಳಿಸುತ್ತದೆ. ಅಳೆಯುವ ಮೊದಲು ಒಂದು ಲೈನಿನ ಬೆಳಕನ್ನು ಹಲವು ಮನೆಗೆ ಹಂಚುವ ರಸ್ತೆಬದಿಯ ಸ್ಪ್ಲಿಟ್ಟರ್ ಡಬ್ಬಿಯಲ್ಲಿ ನಿಮ್ಮ ಎಳೆಯನ್ನು ಬಿಡಿಸಿರಬೇಕು. ಇಲ್ಲದಿದ್ದರೆ ಅಕ್ಕಪಕ್ಕದ ತೋಟದವರ ನೆಟ್ಟೂ ತತ್ತರಿಸುತ್ತದೆ. ಯಂತ್ರ ಹೇಳುವುದು ಗಾಜಿನ ಉದ್ದವನ್ನು, ದಾರಿಯ ಉದ್ದವನ್ನಲ್ಲ ಎನ್ನುವುದೂ ನೆನಪಿರಲಿ. ನಾನೇ ಒಮ್ಮೆ 1,840 ಮೀಟರ್ ಅಂತ ನಂಬಿ, ಜಿಗಣೆ ಕಚ್ಚಿಸಿಕೊಂಡು ಹೊಳೆಯ ಆಚೆ ದಡದಲ್ಲಿ ಹುಡುಕಿದ್ದೆ. ತಪ್ಪು ಇದ್ದದ್ದು ಈಚೆ ದಡದ ಮರದಲ್ಲಿ. ನಡುವೆ ಯಾರೋ ನಲವತ್ತು ಮೀಟರ್ ಕೇಬಲ್ಲನ್ನು ಸಿಂಬೆ ಸುತ್ತಿ ನೇತುಹಾಕಿದ್ದರು.

ಇನ್ನು ಏನು ಮಾಡುವುದು. ನಾನಾದರೆ ಮೊದಲು ಪಿನ್ ಸ್ವಚ್ಛ ಮಾಡಿಸಿ, ಮೀಟರ್ ನೋಡಿ, ಆಮೇಲೆ ಮಾತ್ರ ಬೇರೆ ಖರ್ಚಿನ ಮಾತೆತ್ತುತ್ತೇನೆ. ಬೈಂಡಿಂಗ್ ವೈರ್ ಎಲ್ಲ ಕತ್ತರಿಸಿಸಿ ಸರಿಯಾದ ಕ್ಲ್ಯಾಂಪ್ ಹಾಕಿಸಿ. ಕೇಬಲ್ ಕಾಂಡವನ್ನು ಸುತ್ತಿಕೊಳ್ಳದೆ ಪಕ್ಕದಲ್ಲಿ ಹಾಯ್ದು ಹೋಗಬೇಕು. ಕೇಬಲ್ ಬದಲಿಸುವುದೇ ಆದರೆ ಉಕ್ಕಿನ ಬದಲು ಫೈಬರ್‌ಗ್ಲಾಸ್ ಕಡ್ಡಿ ಇರುವುದನ್ನು ಕೇಳಿ, ಸಿಡಿಲಿನ ಚಿಂತೆ ಅಲ್ಲಿಗೆ ಕಡಿಮೆ. ಒಳಗಿನ ಫೈಬರ್ ಜಿ.657.ಎ2 ಜಾತಿಯದ್ದಾಗಿರಲಿ, ಕೇಬಲ್ ಮೈಮೇಲೆ ಅಚ್ಚಾಗಿರುತ್ತದೆ. ಹಳೆಯ ಜಾತಿಯ ಫೈಬರಿಗೆ 30 ಮಿಲಿಮೀಟರ್ ತ್ರಿಜ್ಯಕ್ಕಿಂತ ಚಿಕ್ಕ ಬಾಗು ಆಗದು. ಈ ಎ2 ಜಾತಿಯದ್ದರಲ್ಲಿ ಒಳಗಾಜಿನ ಸುತ್ತ ಬೆಳಕನ್ನು ತಡೆದು ನಿಲ್ಲಿಸುವ ಒಂದು ಕಂದಕ ಮಾಡಿರುತ್ತಾರೆ, 7.5 ಮಿಲಿಮೀಟರ್‌ವರೆಗೂ ತಾಳುತ್ತದೆ. ಒಂದರ ಬದಲು ನಾಲ್ಕು ಎಳೆಯ ಕೇಬಲ್ ಎಳೆಸಿ. ಎಳೆಯುವ ಕೂಲಿ ಹೆಚ್ಚುಕಡಿಮೆ ಅಷ್ಟೇ, ಒಂದು ಎಳೆ ಹೋದರೆ ಇನ್ನೊಂದಿರುತ್ತದೆ. ಇಷ್ಟಾದರೂ ಮರ ಬಿದ್ದರೆ, ಆನೆ ಎಳೆದರೆ ಕೇಬಲ್ ಹೋಗುತ್ತದೆ. ಅದಕ್ಕೆ ಉಪಾಯವಿಲ್ಲ. ಕರೆಂಟ್ ಲೈನಿನ ಹತ್ತಿರ ಮಾತ್ರ ಕೇಬಲ್ ಹಾಯಿಸಲು ಬಿಡಬೇಡಿ. ಮರಗಸಿ ಏಣಿ ಕರೆಂಟ್ ತಂತಿಗೆ ತಗುಲಿ ಜೀವ ಹೋದದ್ದನ್ನು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ.

ಹೂಳಿಸುವುದು ಚೆನ್ನಾಗಿ ಕೇಳಿಸುತ್ತದೆ. ಆದರೆ ತೋಟದಲ್ಲಿ ಗುಂಡಿ ತೆಗೆಯುವುದು ಮುಗಿಯದ ಕೆಲಸ. ಗಿಡ ನೆಡಲು, ನೀರಿನ ಪೈಪಿಗೆ ಅಂತ ಯಾರಾದರೂ ಹಾರೆ ಹಾಕುತ್ತಲೇ ಇರುತ್ತಾರೆ. ದೂರವಾಣಿಯ ಮುಖ್ಯ ಕೇಬಲ್ಲುಗಳನ್ನು ಒಂದೂವರೆ ಮೀಟರಿಗೂ ಆಳದಲ್ಲಿ ಹೂಳುವುದು ಅದಕ್ಕೇ. ನೀವು ಒಂದಡಿ ತೋಡಿ ಮುಚ್ಚಿದರೆ ಕಾಡುಹಂದಿ ಮೂತಿ ಹಾಕಿದ ದಿನವೇ ಮೇಲೆ ಬರುತ್ತದೆ. ಇಲಿ ಹೆಗ್ಗಣಕ್ಕೆ ಹೆದರಿ ಉಕ್ಕಿನ ಕವಚದ ಕೇಬಲ್ ಹಾಕಿದರೆ ಮತ್ತೆ ಸಿಡಿಲಿಗೆ ದಾರಿ. ತೋಟದ ಜೀಪ್ ರಸ್ತೆಯ ಅಂಚಿನಲ್ಲಿ, ಗಟ್ಟಿ ಪ್ಲಾಸ್ಟಿಕ್ ಪೈಪಿನೊಳಗೆ, ಮೂರಡಿಯಾದರೂ ಆಳಕ್ಕೆ ಹಾಕಲು ಆಗುವುದಾದರೆ ಮಾಡಿ. ಗಿಡಗಳ ನಡುವೆ ಬೇಡ, ಬೇರೂ ಹಾಳು.

ಡಿಶ್ ವಿಷಯ, ಅಂದರೆ ಉಪಗ್ರಹದಿಂದ ಬರುವ ಇಂಟರ್‌ನೆಟ್. ಹಾಸನದ ಇಸ್ರೋ ಕೇಂದ್ರದಿಂದ ನಿಯಂತ್ರಿಸುವ ಭೂಸ್ಥಿರ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಮೇಲಿವೆ. ಮಾತು ಹೋಗಿ ಉತ್ತರ ಬರಲು ಅರ್ಧ ಸೆಕೆಂಡಿನಷ್ಟು ಹಿಡಿಯುತ್ತದೆ, ಮಗಳ ಮೀಟಿಂಗಿಗೆ ಅದು ಕಿರಿಕಿರಿ. ಕೆಳಗಿನ ಕಕ್ಷೆಯ ಉಪಗ್ರಹಗಳಲ್ಲಿ ಈ ತಡ ಇಲ್ಲ, ಆದರೆ ಅವುಗಳಿಗೆ ಮರದ ಅಡ್ಡಿಯಿಲ್ಲದ ತೆರೆದ ಆಕಾಶ ಬೇಕು. ಜೋರು ಮಳೆ ಎರಡು ಬಗೆಗೂ ಆಗದು. ಗಾಳಿಯಲ್ಲೇ ಲೇಸರ್ ಹಾಯಿಸಿ ಇಂಟರ್‌ನೆಟ್ ಕೊಡುವ ತಂತ್ರವೂ ಬಂದಿದೆ. 2021ರಲ್ಲಿ ಆಫ್ರಿಕಾದ ಕಾಂಗೋ ನದಿಯ ಎರಡು ದಡಗಳ ನಡುವೆ, ಸುಮಾರು 5 ಕಿಲೋಮೀಟರ್ ದೂರಕ್ಕೆ ಹಾಗೆ ಜೋಡಿಸಿದರು. ಆದರೆ ಮಂಜು ಕವಿದರೆ ಅದರ ಕತೆ ಮುಗಿಯಿತು. ಸಕಲೇಶಪುರದ ಮಂಜಿನಲ್ಲಿ ಎದುರಿನ ಬೈಕೇ ಕಾಣುವುದಿಲ್ಲ, ಇನ್ನು ಲೇಸರ್ ಎಲ್ಲಿಂದ? ನನ್ನ ಸಲಹೆ, ಫೈಬರ್ ಉಳಿಸಿಕೊಳ್ಳಿ. ಪಕ್ಕಕ್ಕೆ ಸಿಗ್ನಲ್ ಸಿಗುವ ಕಂಪನಿಯ ಮೊಬೈಲ್ ಸಿಮ್ ಒಂದನ್ನು ಇಟ್ಟುಕೊಳ್ಳಿ.

ಮೊಮ್ಮಗನ ಕಣ್ಣಿನ ಬಗ್ಗೆ ಗಾಬರಿ ಬೇಡ. ಮನೆ ತುದಿಗೆ ಬರುವ ಬೆಳಕು ಮೈಕ್ರೋವಾಟ್ ಲೆಕ್ಕದ್ದು. ನಿಮ್ಮ ಲೈನಿನಲ್ಲಂತೂ ಎರಡು ಮೈಕ್ರೋವಾಟೂ ಇಲ್ಲ. ಒಂದು ಸಲ ನೋಡಿದ್ದಕ್ಕೆ ಏನೂ ಆಗಿರುವುದಿಲ್ಲ. ಆದರೆ ಅಭ್ಯಾಸವಾಗಬಾರದು, ಯಾಕೆಂದರೆ ಅದು ಕಣ್ಣಿಗೆ ಕಾಣದ ಅವಗೆಂಪು ಬೆಳಕು. ಕಾಣದ್ದರಿಂದ ರೆಪ್ಪೆ ಮುಚ್ಚಿಕೊಳ್ಳುವುದಿಲ್ಲ, ಅದೇ ಎಳೆಯಲ್ಲಿ ಕೇಬಲ್ ಟಿವಿಯೂ ಬರುತ್ತಿದ್ದರೆ ಬೆಳಕು ಜಾಸ್ತಿ ಇರಬಹುದು. ಲೈನಿನ ಹುಡುಗ ಎಳೆ ಹುಡುಕಲು ಹಾಕುವ ಕೆಂಪು ದೀಪದ ಪೆನ್ ಇದೆಯಲ್ಲ, ಅದರ ಎದುರು ಯಾರೂ ಕಣ್ಣಿಡಬಾರದು. ನನಗೆ ಇದಕ್ಕಿಂತ ಜಾಸ್ತಿ ಭಯ ಇರುವುದು ನೆಲದ ಮೇಲೆ ಬಿದ್ದ ಗಾಜಿನ ಚೂರಿನದು. ಪಿನ್ ಕಟ್ಟುವಾಗ ಕತ್ತರಿಸಿದ ಎಳೆ ಕೂದಲಿನ ಹಾಗೆ ಕಾಣದೆ ಬಿದ್ದಿರುತ್ತದೆ, ಕಾಲಿಗೆ ಚುಚ್ಚಿದರೆ ಮುರಿದು ಒಳಗೇ ಉಳಿಯುತ್ತದೆ. ಕೆಲಸ ಮುಗಿದ ಮೇಲೆ ಅಂಟುಪಟ್ಟಿ ಒತ್ತಿ ಎತ್ತಿಸಿ. ಪೊರಕೆ ಬೇಡ.

ಅತ್ತೆಯವರಿಗೆ ಹೀಗೆ ಹೇಳಿ: ತಂತಿಯೊಳಗೆ ಇರುವುದು ಬೆಳಕು, ಅದು ಹೊರಗೆ ಬಂದರೆ ನೆಟ್ಟೇ ಬರುವುದಿಲ್ಲ. ವೈಫೈ ಮಾತ್ರ ರೇಡಿಯೋ ಅಲೆ, ಸಾಮಾನ್ಯವಾಗಿ ಒಂದು ವಾಟಿನ ಹತ್ತರಲ್ಲೊಂದು ಪಾಲಿನಷ್ಟು, ಅದಕ್ಕೆ ಜೀವಕೋಶ ಒಡೆಯುವ ಶಕ್ತಿ ಇಲ್ಲ. ಮೆಣಸಿನ ಬಳ್ಳಿ ಮಳೆಗಾಲದಲ್ಲಿ ಒಣಗಿದ್ದರೆ ಬುಡ ನೋಡಿ. ಬುಡ ಕಪ್ಪಾಗಿ ಕೊಳೆತಿದ್ದರೆ ಸೊರಗು ರೋಗ. ಕೇಬಲ್ ಇಲ್ಲದ ಮರದಲ್ಲೂ ಅದು ಬರುತ್ತದೆ, ಪಕ್ಕದ ಬಳ್ಳಿಗಳನ್ನು ಬೇಗ ಉಳಿಸಿಕೊಳ್ಳಿ.

ಆನೆಯ ವಿಷಯ ನಿಜ. ಈಶಾನ್ಯ ಗಡಿ ರೈಲ್ವೆಯವರು 'ಗಜರಾಜ' ಎಂಬ ಹೆಸರಿನಲ್ಲಿ ಇದನ್ನು ಬಳಸುತ್ತಿದ್ದಾರೆ. ಓಟಿಡಿಆರ್ ನೋಡುವುದೂ ಇದು ನೋಡುವುದೂ ಒಂದೇ, ಗಾಜಿನಿಂದ ಹಿಂದಕ್ಕೆ ಚದುರುವ ಮಿಣುಕು. ನೆಲ ಅದುರಿದರೆ ಒಳಗಿನ ಫೈಬರ್ ಕೂದಲೆಳೆಯಷ್ಟೂ ಅಲ್ಲದ ಹಿಗ್ಗು ಕುಗ್ಗು ಕಾಣುತ್ತದೆ, ಆ ಮಿಣುಕು ಬದಲಾಗುತ್ತದೆ. ಸೆಕೆಂಡಿಗೆ ಸಾವಿರಾರು ಸಲ ಅದನ್ನು ಅಳೆದು, ಇದು ರೈಲು, ಇದು ಮನುಷ್ಯ, ಇದು ಆನೆ ಹೆಜ್ಜೆ ಅಂತ ಕಂಪ್ಯೂಟರ್ ಬೇರ್ಪಡಿಸುತ್ತದೆ. ನಮ್ಮ ರಾಮನ್ ಅವರು 1928ರಲ್ಲಿ ಕಂಡ ಚದುರುವಿಕೆಯಿಂದ ಇದೇ ಥರ ಫೈಬರಿನುದ್ದಕ್ಕೂ ಎಲ್ಲಿ ಎಷ್ಟು ಬಿಸಿ ಅಂತಲೂ ಅಳೆಯುತ್ತಾರೆ. ಆದರೆ ಆನೆಯ ಹೆಜ್ಜೆ ಹಿಡಿಯಬೇಕಾದರೆ ಫೈಬರ್ ಮಣ್ಣಿಗೆ ಅಂಟಿಕೊಂಡು ಹೂತಿರಬೇಕು, ತುದಿಯಲ್ಲಿ ಕೂರಿಸುವ ಯಂತ್ರದ ಬೆಲೆ ಒಂದು ತೋಟದವರು ಹೊರುವಂಥದ್ದಲ್ಲ. ಸಿಲ್ವರ್ ಮರಕ್ಕೆ ಜೋತುಬಿದ್ದ ನಿಮ್ಮ ಕೇಬಲ್ಲಿಗೆ ಕೇಳಿಸುವುದು ಬರೀ ಗಾಳಿ, ಮಂಗನ ಜಿಗಿತ. ಆನೆ ಬಂತು ಅಂತ ಅದು ಹೇಳುವುದು ಒಂದೇ ಸಲ, ಆನೆ ಅದನ್ನು ಎಳೆದುಕೊಂಡು ಹೋದಾಗ.